ರೈತನ ಮರಣಾನಂತರ ಆಸ್ತಿಯ ವಿಚಾರ: ಯಾವ ಕಚೇರಿಗೆ, ಯಾವ ನ್ಯಾಯಸ್ಥಾನಕ್ಕೆ ಹೋಗತಕ್ಕದ್ದು?

ಹೊಲವನ್ನು ಉತ್ತು ಬಿತ್ತುವುದರಲ್ಲಿ ಎಷ್ಟು ಜಾಗರೂಕತೆಯು ಅವಶ್ಯಕವೋ, ಆ ಹೊಲವು ಒಂದು ತಲೆಮಾರಿನಿಂದ ಮತ್ತೊಂದು ತಲೆಮಾರಿಗೆ ಸೇರುವಾಗಲೂ ಅಷ್ಟೇ ಜಾಗರೂಕತೆಯು ಅವಶ್ಯಕವು. ಯಜಮಾನನು ಕಾಲವಾಗಿ ಹಲವು ವರ್ಷಗಳಾದರೂ ಪಹಣಿಯು ಅವನ ಹೆಸರಿನಲ್ಲಿಯೇ ಉಳಿದಿರುವ ಕುಟುಂಬಗಳು ನಮ್ಮ ಗ್ರಾಮಗಳಲ್ಲಿ ಅನೇಕವಾಗಿವೆ. ಇಂಥವರಿಗೆ ಬೆಳೆಸಾಲವು ಸುಲಭವಾಗಿ ದೊರೆಯದು. ಬೆಳೆಯು ನಷ್ಟವಾದ ವರ್ಷದಲ್ಲಿ ಪರಿಹಾರದ ಹಣವು ಕೈಸೇರುವುದಕ್ಕೆ ಅಡ್ಡಿಯುಂಟಾಗುವುದು. ಎಲ್ಲಕ್ಕಿಂತ ಹೆಚ್ಚಾಗಿ, ಕಾಗದಪತ್ರಗಳ ಸಂಗತಿಯನ್ನು ತಿಳಿಯದ ವಿಧವೆಯರೂ ಹೆಣ್ಣುಮಕ್ಕಳೂ ತಮಗೆ ನ್ಯಾಯವಾಗಿ ಬರತಕ್ಕ ಭಾಗವನ್ನು ಕಳೆದುಕೊಳ್ಳುವರು. ಮತ್ತೆ ಕೆಲವರು ಅವಶ್ಯಕವಿಲ್ಲದ ಕೋರ್ಟಿನಲ್ಲಿ ಅರ್ಜಿಯನ್ನು ಹಾಕಿ, ಕಾಲವನ್ನೂ ಹಣವನ್ನೂ ವ್ಯಯಮಾಡುವರು. ಆದಕಾರಣ, ಯಾವ ಆಸ್ತಿಗೆ ಯಾವ ಮಾರ್ಗವೆಂಬುದನ್ನೂ, ನ್ಯಾಯಸ್ಥಾನಕ್ಕೆ ಹೋದಲ್ಲಿ ಏನೇನು ನಡೆಯುವುದೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

೧. ಮೊದಲು ಮಾಡತಕ್ಕ ಕೆಲಸ

ಮರಣವನ್ನು ೨೧ ದಿವಸಗಳೊಳಗೆ ನೋಂದಾಯಿಸಿ, ಮರಣ ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆದಿಡತಕ್ಕದ್ದು. ಮುಂದಿನ ಎಲ್ಲಾ ಕಾರ್ಯಗಳಿಗೂ ಇದೇ ಬುನಾದಿಯು. ಆ ಬಳಿಕ ಮೃತನ ಆಸ್ತಿಯನ್ನು ಪಟ್ಟಿಮಾಡಬೇಕು. ಜಮೀನುಗಳ ಸರ್ವೆ ನಂಬರುಗಳು, ಮನೆ, ಬ್ಯಾಂಕಿನ ಠೇವಣಿ, ಸಹಕಾರ ಸಂಘದ ಷೇರುಗಳು, ವಿಮೆ, ಇತರರಿಂದ ಬರಬೇಕಾದ ಹಣ ಮತ್ತು ಮೃತನು ಮಾಡಿದ್ದ ಸಾಲ, ಇವೆಲ್ಲವೂ ಪಟ್ಟಿಯಲ್ಲಿರಬೇಕು. ಸಾಲದ ವಿಷಯದಲ್ಲಿ ವಾರಸುದಾರರು ಅಂಜಬೇಕಾದದ್ದಿಲ್ಲ. ತಾವೇ ಜಾಮೀನು ನಿಂತಿಲ್ಲದ ಪಕ್ಷದಲ್ಲಿ, ಮೃತನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅವರು ಹೊಣೆಗಾರರು.

೨. ಜಮೀನಿನ ಖಾತೆ

ಉಯಿಲಿಲ್ಲದೆ ಮೃತನಾದ ರೈತನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ, ಅವರಲ್ಲಿ ವಿವಾದವಿಲ್ಲದಿದ್ದರೆ, ನ್ಯಾಯಸ್ಥಾನಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಇದು ಕಂದಾಯ ಇಲಾಖೆಯ ಕೆಲಸವು. ೧೯೬೪ನೆಯ ಇಸವಿಯ ಕರ್ನಾಟಕ ಭೂಕಂದಾಯದ ಆಕ್ಟಿನ ೧೨೮ನೆಯ ಪ್ರಕರಣದ ಮೇರೆಗೆ, ವಾರಸಿನಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದು. ಇದನ್ನೇ ಜನರು ಪೌತಿ ಖಾತೆಯೆಂದು ಕರೆಯುವರು. ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಲಗತ್ತಿಸಿ ಅರ್ಜಿಯನ್ನು ಕೊಟ್ಟಲ್ಲಿ, ಅಧಿಕಾರಿಗಳು ನೋಟೀಸನ್ನು ಪ್ರಕಟಿಸಿ, ತಕರಾರು ಬಾರದಿದ್ದರೆ ಖಾತೆಯನ್ನು ಬದಲಾಯಿಸುವರು. ತಕರಾರು ಬಂದರೆ ವಿಚಾರಣೆ ನಡೆಯುವುದು. ಆ ಹುಕುಮಿನ ಮೇಲೆ ಅಸಿಸ್ಟೆಂಟ್ ಕಮಿಷನರವರಲ್ಲಿ ಅಪೀಲು ಮಾಡಬಹುದು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಖಾತೆಯು ಕಂದಾಯದ ಲೆಕ್ಕಕ್ಕಾಗಿ ಇರತಕ್ಕದ್ದು, ಅದೇ ಮಾಲಿಕತ್ವವಲ್ಲ. ಹಿರಿಯ ಮಗನ ಹೆಸರೊಂದೇ ಪಹಣಿಯಲ್ಲಿ ಬಂದ ಮಾತ್ರಕ್ಕೆ ತಾಯಿಯ ಅಥವಾ ತಂಗಿಯ ಹಕ್ಕು ನಷ್ಟವಾಗುವುದಿಲ್ಲ. ಹಕ್ಕಿನ ವ್ಯಾಜ್ಯವನ್ನು ತೀರ್ಮಾನಿಸತಕ್ಕದ್ದು ಸಿವಿಲ್ ಕೋರ್ಟೇ. ಆದರೂ ಎಲ್ಲಾ ವಾರಸುದಾರರ ಹೆಸರುಗಳನ್ನೂ ಮೊದಲೇ ಸೇರಿಸುವುದು ಕ್ಷೇಮಕರವು.

೩. ಯಾರಿಗೆ ಎಷ್ಟು ಭಾಗ?

ಹಿಂದೂ ರೈತನೊಬ್ಬನು ತನ್ನ ಸ್ವಯಾರ್ಜಿತವಾದ ೪ ಎಕರೆ ಜಮೀನನ್ನು ಬಿಟ್ಟು, ಉಯಿಲನ್ನು ಬರೆಯದೆ ಕಾಲವಾದನೆಂದು ಭಾವಿಸೋಣ. ಅವನಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಮದುವೆಯಾದ ಒಬ್ಬ ಮಗಳು ಇರುವರು. ೧೯೫೬ನೆಯ ಇಸವಿಯ ಹಿಂದೂ ವಾರಸಾ ಆಕ್ಟಿನ ಮೇರೆಗೆ ನಾಲ್ವರಿಗೂ ಒಂದೊಂದು ಎಕರೆಯ ಸಮಭಾಗವು ಬರುವುದು. ಅವನ ತಾಯಿಯೂ ಜೀವಿಸಿದ್ದರೆ ಆಕೆಗೂ ಸಮಭಾಗವುಂಟಾಗಿ, ಐದು ಪಾಲುಗಳಾಗುವುವು. ಮಗಳಿಗೆ ಮದುವೆಯಾಗಿದೆಯೆಂಬ ಕಾರಣದಿಂದ ಅವಳ ಪಾಲು ಕಡಿಮೆಯಾಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ೨೦೦೫ನೆಯ ಇಸವಿಯ ತಿದ್ದುಪಡಿಯಿಂದ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುಳ್ಳವಳು. ಆ ತಿದ್ದುಪಡಿಯು ಜಾರಿಗೆ ಬಂದ ದಿವಸ ತಂದೆಯು ಜೀವಿಸಿರಬೇಕೆಂಬ ನಿರ್ಬಂಧವಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ನೆಯ ಇಸವಿಯಲ್ಲಿ ತೀರ್ಪು ಮಾಡಿದೆ. ಮುಸಲ್ಮಾನರಿಗೂ ಕ್ರೈಸ್ತರಿಗೂ ಅನ್ವಯಿಸುವ ನಿಯಮಗಳು ಬೇರೆಯಾಗಿವೆ.

ಪಾಲನ್ನು ಬಿಟ್ಟುಕೊಡುವುದಾಗಿ ಬರಿಯ ಕಾಗದದ ಮೇಲೆ ಯಾರೂ ರುಜು ಮಾಡಬಾರದು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯಲ್ಲಿನ ಹಕ್ಕನ್ನು ಬಿಡುವ ಪತ್ರವು ರಿಜಿಸ್ಟರಾಗತಕ್ಕದ್ದು.

೪. ಠೇವಣಿ, ಷೇರು ಮತ್ತು ಬರಬೇಕಾದ ಹಣ

ಬ್ಯಾಂಕಿನಲ್ಲಿ ನಾಮಿನಿಯ ಹೆಸರು ಇದ್ದಲ್ಲಿ ಹಣವನ್ನು ಅವನಿಗೆ ಕೊಡುವರು. ಆದರೆ ಸಾಮಾನ್ಯವಾಗಿ ನಾಮಿನಿಯು ಹಣವನ್ನು ಪಡೆಯತಕ್ಕವನೇ ಹೊರತು ಅದರ ಒಡೆಯನಲ್ಲ. ವಾರಸುದಾರರಿಗೆ ಅವನು ಲೆಕ್ಕ ಕೊಡಬೇಕು. ನಾಮಿನಿಯಿಲ್ಲದ ಸಣ್ಣ ಮೊಬಲಗನ್ನು ಬ್ಯಾಂಕುಗಳು ತಮ್ಮ ನಿಯಮಗಳಿಗನುಸಾರವಾಗಿ, ವಾರಸುದಾರರಿಂದ ಮುಚ್ಚಳಿಕೆಯನ್ನು ಬರೆಯಿಸಿಕೊಂಡು ಕೊಡುವುದುಂಟು. ಮೊಬಲಗು ದೊಡ್ಡದಾಗಿದ್ದರೆ ಅಥವಾ ವಿವಾದವಿದ್ದರೆ, ನ್ಯಾಯಸ್ಥಾನದ ವಾರಸುದಾರಿಕೆಯ ಸರ್ಟಿಫಿಕೇಟನ್ನು ಕೇಳುವರು. ನಾಡಕಚೇರಿಯಲ್ಲಿ ದೊರೆಯುವ ವಂಶವೃಕ್ಷವು ಇದಕ್ಕೆ ಬದಲಾಗಲಾರದು.

ಈ ಸರ್ಟಿಫಿಕೇಟಿಗಾಗಿ ೧೯೨೫ನೆಯ ಇಸವಿಯ ಇಂಡಿಯನ್ ಸಕ್ಸೆಷನ್ ಆಕ್ಟಿನ ೩೭೨ನೆಯ ಪ್ರಕರಣದ ಮೇರೆಗೆ ಅರ್ಜಿಯನ್ನು ಹಾಕತಕ್ಕದ್ದು. ಮೃತನು ಸಾಧಾರಣವಾಗಿ ವಾಸಮಾಡುತ್ತಿದ್ದ ಸ್ಥಳದ ಮೇಲೆ ಅಧಿಕಾರವುಳ್ಳ ಜಿಲ್ಲಾ ನ್ಯಾಯಾಧೀಶರಲ್ಲಿ, ಅಥವಾ ಅಂಥ ಅಧಿಕಾರವನ್ನು ವಹಿಸಲ್ಪಟ್ಟ ಸಿವಿಲ್ ಕೋರ್ಟಿನಲ್ಲಿ, ಇದನ್ನು ಸಲ್ಲಿಸಬೇಕು. ಮರಣದ ಕಾಲ, ವಾಸಸ್ಥಳ, ಸಮೀಪದ ಬಂಧುಗಳ ಹೆಸರು ಮತ್ತು ವಿಳಾಸ, ಅರ್ಜಿದಾರನ ಹಕ್ಕಿನ ಆಧಾರ, ಬರಬೇಕಾದ ಹಣದ ವಿವರ, ಇವುಗಳು ಅರ್ಜಿಯಲ್ಲಿರಬೇಕು. ಒಬ್ಬ ವಾರಸುದಾರನ ಹೆಸರನ್ನಾದರೂ ಬುದ್ಧಿಪೂರ್ವಕವಾಗಿ ಬಿಟ್ಟರೆ, ಪಡೆದ ಸರ್ಟಿಫಿಕೇಟು ರದ್ದಾಗುವ ಸಂಭವವುಂಟು.

ಅರ್ಜಿಯು ದಾಖಲಾದ ಬಳಿಕ ಕೋರ್ಟು ವಿಚಾರಣೆಯ ದಿವಸವನ್ನು ಗೊತ್ತುಮಾಡಿ, ಸಂಬಂಧಪಟ್ಟವರಿಗೆ ನೋಟೀಸನ್ನು ಕಳುಹಿಸುವುದು; ಪತ್ರಿಕೆಯಲ್ಲಿ ಪ್ರಕಟಿಸುವಂತೆ ಹೇಳುವುದೂ ಉಂಟು. ತಕರಾರಿಲ್ಲದಿದ್ದರೆ ಅರ್ಜಿದಾರನ ಸಾಕ್ಷ್ಯವನ್ನು ಪಡೆದು ಹುಕುಂ ಮಾಡುವರು. ಹಣದ ಬೆಲೆಗೆ ತಕ್ಕಂತೆ ಕೋರ್ಟು ಫೀಜನ್ನು ಕಟ್ಟಬೇಕು. ಕೆಲವು ಸಂದರ್ಭಗಳಲ್ಲಿ ಜಾಮೀನನ್ನೂ ಕೇಳುವರು. ಸರ್ಟಿಫಿಕೇಟು ಪಡೆದವನು ಹಣವನ್ನು ವಸೂಲುಮಾಡಿ, ಇತರ ಹಕ್ಕುದಾರರಿಗೆ ಅವರವರ ಪಾಲನ್ನು ಕೊಡಲು ಬಾಧ್ಯನು. ಜಮೀನಿಗೆ ಈ ಸರ್ಟಿಫಿಕೇಟು ಸಂಬಂಧಿಸಿದ್ದಲ್ಲ.

೫. ಉಯಿಲು ಮತ್ತು ಪ್ರೊಬೇಟು

ಮೃತನು ಉಯಿಲನ್ನು ಬರೆದಿಟ್ಟಿದ್ದರೆ ವಿಚಾರವು ಬೇರೆಯಾಗುವುದು. ಉಯಿಲಿಗೆ ಬರೆಯಿಸಿದವನ ರುಜು ಅಥವಾ ಗುರುತೂ, ಕನಿಷ್ಠ ಇಬ್ಬರು ಸಾಕ್ಷಿಗಳ ರುಜುವೂ ಇರತಕ್ಕದ್ದು. ಛಾಪಾ ಕಾಗದವು ಬೇಕಿಲ್ಲ. ರಿಜಿಸ್ಟರು ಮಾಡಿಸುವುದು ಕಡ್ಡಾಯವಲ್ಲ, ಆದರೆ ಮಾಡಿಸುವುದು ಉತ್ತಮವು. ಆಸ್ತಿಯನ್ನು ಪಡೆಯತಕ್ಕವನೇ ಸಾಕ್ಷಿಯಾಗದಿರುವುದು ಮೇಲು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಯಜಮಾನನು ತನ್ನ ಪಾಲನ್ನು ಮಾತ್ರ ಉಯಿಲಿನ ಮೂಲಕ ಕೊಡಬಲ್ಲನು. ಇತರರ ಪಾಲನ್ನು ಕೊಡಲಾರನು.

ಪ್ರೊಬೇಟು ಎಂದರೆ, ಉಯಿಲು ನಿಜವಾದದ್ದೆಂದು ಕೋರ್ಟು ತನ್ನ ಮೊಹರಿನೊಡನೆ ದೃಢಪಡಿಸಿ ಕೊಡುವ ಪ್ರತಿಯು. ಉಯಿಲಿನಲ್ಲಿಯೇ ನೇಮಿಸಲ್ಪಟ್ಟ ನಿರ್ವಾಹಕನಿಗೆ ಮಾತ್ರ ಅದು ದೊರೆಯುವುದು. ನಿರ್ವಾಹಕನಿಲ್ಲದಿದ್ದರೆ ಉಯಿಲಿನಿಂದ ಆಸ್ತಿ ಪಡೆಯುವವರು ಆಡಳಿತಪತ್ರವನ್ನು ಕೋರಬಹುದು. ಕರ್ನಾಟಕದ ರೈತನು ಇಲ್ಲಿನ ತನ್ನ ಜಮೀನಿನ ಬಗ್ಗೆ ಬರೆದ ಉಯಿಲಿಗೆ ಪ್ರೊಬೇಟನ್ನು ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. ತಕರಾರು ಬರುವ ಸಂಭವವಿದ್ದಲ್ಲಿ ಪಡೆಯುವುದು ಯುಕ್ತವು.

ಮರಣದ ದಿವಸದಿಂದ ಏಳು ಪೂರ್ಣ ದಿವಸಗಳು ಕಳೆಯುವವರೆಗೆ ಪ್ರೊಬೇಟನ್ನೂ, ಹದಿನಾಲ್ಕು ದಿವಸಗಳು ಕಳೆಯುವವರೆಗೆ ಆಡಳಿತಪತ್ರವನ್ನೂ ಕೊಡುವಂತಿಲ್ಲ. ಮೂಲ ಉಯಿಲನ್ನು ಅರ್ಜಿಯೊಡನೆ ಹಾಜರುಪಡಿಸಬೇಕು. ಸಾಕ್ಷಿಗಳು ಜೀವಿಸಿದ್ದು ಕೋರ್ಟಿಗೆ ಬರಲು ಶಕ್ತರಾಗಿದ್ದರೆ, ಅವರಲ್ಲಿ ಒಬ್ಬನನ್ನಾದರೂ ವಿಚಾರಣೆಗೆ ಕರೆಯಿಸತಕ್ಕದ್ದು. ಯಾರಾದರೂ ವಿರೋಧಿಸಿದರೆ, ಅರ್ಜಿಯು ಸಾಧಾರಣ ದಾವೆಯಂತೆಯೇ ನಡೆಯುವುದು. ಆಗ ವರ್ಷಗಳೇ ಹಿಡಿಯಬಹುದು. ಮೈಸೂರು ರಾಜ್ಯದಿಂದ ಹೋಗಿದ್ದ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ೧೯೫೮ನೆಯ ಇಸವಿಯಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಉಯಿಲಿನ ಸುತ್ತಲೂ ಸಂದೇಹಕ್ಕೆ ಆಸ್ಪದವಿದ್ದರೆ ಅದನ್ನು ಹೋಗಲಾಡಿಸುವ ಭಾರವು ಉಯಿಲನ್ನು ಮುಂದೊಡ್ಡಿದವನದೇ. ಪ್ರೊಬೇಟು ಕೊಡುವ ಕೋರ್ಟು ಉಯಿಲು ನಿಜವೇ ಎಂಬುದನ್ನು ಮಾತ್ರ ನೋಡುವುದು. ಜಮೀನು ಮೃತನದೇ ಎಂಬ ಪ್ರಶ್ನೆಯನ್ನು ತೀರ್ಮಾನಿಸುವುದಿಲ್ಲ. ಪ್ರೊಬೇಟು ಪಡೆದ ನಿರ್ವಾಹಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಸಲ್ಲಿಸಬೇಕು.

೬. ಖರ್ಚಿಗೆ ಶಕ್ತಿಯಿಲ್ಲದವರು

ವಕೀಲರ ಫೀಜಿಗೆ ಹಣವಿಲ್ಲವೆಂದು ಹಕ್ಕನ್ನು ಬಿಡಬೇಕಾದದ್ದಿಲ್ಲ. ೧೯೮೭ನೆಯ ಇಸವಿಯ ಕಾನೂನು ಸೇವೆಗಳ ಆಕ್ಟಿನ ಮೇರೆಗೆ ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೂ ವರಮಾನವೆಷ್ಟಿದ್ದರೂ ಉಚಿತ ಸಹಾಯವು ದೊರೆಯುವುದು. ಗೊತ್ತುಪಡಿಸಿದ ಮಿತಿಯೊಳಗಿನ ವರಮಾನವುಳ್ಳ ಇತರರಿಗೂ ಈ ಸಹಾಯವುಂಟು. ಇದಕ್ಕಾಗಿ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡತಕ್ಕದ್ದು. ಅಣ್ಣತಮ್ಮಂದಿರ ವ್ಯಾಜ್ಯವನ್ನು ಲೋಕ ಅದಾಲತ್ತಿನಲ್ಲಿ ರಾಜಿಯಿಂದ ಮುಗಿಸಿಕೊಂಡರೆ, ಆ ತೀರ್ಮಾನವು ಡಿಕ್ರಿಗೆ ಸಮಾನವಾಗಿರುವುದು. ಕಟ್ಟಿದ ಕೋರ್ಟು ಫೀಜೂ ಹಿಂದಕ್ಕೆ ಬರುವುದು.

ಸಾರಾಂಶವೇನೆಂದರೆ, ವಿವಾದವಿಲ್ಲದ ಜಮೀನಿಗೆ ಕಂದಾಯ ಕಚೇರಿಯು, ಬರಬೇಕಾದ ಹಣಕ್ಕೆ ವಾರಸುದಾರಿಕೆಯ ಸರ್ಟಿಫಿಕೇಟು, ತಕರಾರಿನ ಉಯಿಲಿಗೆ ಪ್ರೊಬೇಟು, ಪಾಲಿನ ವ್ಯಾಜ್ಯಕ್ಕೆ ಸಿವಿಲ್ ದಾವೆಯು. ಈ ನಾಲ್ಕರ ಭೇದವನ್ನು ತಿಳಿದವರಿಗೆ ಅಲೆದಾಟವು ಬಹುಮಟ್ಟಿಗೆ ತಪ್ಪುವುದು. ರೈತರು ತಮ್ಮ ಜೀವಿತಕಾಲದಲ್ಲಿಯೇ ಕಾಗದಪತ್ರಗಳನ್ನು ಒಂದೆಡೆ ಸೇರಿಸಿ, ಪಹಣಿಯಲ್ಲಿ ಹಿರಿಯರ ಹೆಸರು ಉಳಿದಿದ್ದರೆ ಈಗಲೇ ಸರಿಪಡಿಸಿ, ಅವು ಇರುವ ಸ್ಥಳವನ್ನು ಹೆಂಡತಿಗೂ ಮಕ್ಕಳಿಗೂ ತಿಳಿಸಿಡುವುದು ಅತ್ಯವಶ್ಯಕವು.