ಬೇಡಿಕೆ ಪಟ್ಟಿಯಲ್ಲಿ ಇಲ್ಲದ ಗಲ್ಲಿ

ಸಭೆ ಕರೆದು "ನಿಮ್ಮ ಬಡಾವಣೆಗೆ ಏನು ಬೇಕು?" ಎಂದು ಕೇಳಿದರೆ ಬೆಂಗಳೂರಿನ ಯಾವ ಮೂಲೆಯಲ್ಲೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ರಸ್ತೆ, ಮೋರಿ, ಬೀದಿದೀಪ. ಎಲ್ಲವೂ ಬೇಕಾದವೇ. ಆದರೆ ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ತಿರುವಿನಲ್ಲಿ ಬೇಕು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅದಕ್ಕೇ ನಮ್ಮ ವಾರ್ಡಿನಲ್ಲಿ ನಾವು ಕೆಲವರು ಸೇರಿ ಬೇಡಿಕೆಗೆ ಬದಲು ಕಥೆ ಕೇಳತೊಡಗಿದೆವು. ನಿಮ್ಮ ಬೀದಿಯ ಒಬ್ಬರನ್ನು ಕಲ್ಪಿಸಿಕೊಂಡು ಅವರ ಒಂದು ದಿನವನ್ನು ಹೇಳಿ ಎಂದೆವು.

ಸಭೆಗಳಲ್ಲಿ ಹಿಂದೆ ಕೂತು ಮಾತೇ ಆಡದಿದ್ದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳು ಲಕ್ಷ್ಮಿ ಎಂಬವಳ ಕಥೆ ಹೇಳಿದಳು. ಲಕ್ಷ್ಮಿ ಸಂಜೆ ಬಸ್ಸಿಳಿದು, ಹತ್ತಿರದ ಗಲ್ಲಿ ಬಿಟ್ಟು ದೊಡ್ಡ ರಸ್ತೆ ಸುತ್ತಿಕೊಂಡು ಮನೆಗೆ ಹೋಗುತ್ತಾಳೆ. ಗಲ್ಲಿಯಲ್ಲಿ ದೀಪವಿದೆ. ಆದರೆ ಎರಡೂ ಕಡೆ ಉದ್ದಕ್ಕೂ ಕಾಂಪೌಂಡು ಗೋಡೆ, ಒಂದು ಬಾಗಿಲಿಲ್ಲ, ಒಂದು ಕಿಟಕಿಯಿಲ್ಲ. ಕೂಗಿದರೆ ಯಾರಿಗೂ ಕೇಳದು. ತಿರುವಿನಲ್ಲಿ ಸೊಪ್ಪಿನ ಗಾಡಿಯ ಅಮ್ಮ ನಿಂತಿದ್ದ ದಿನ ಮಾತ್ರ ಅವಳು ಆ ದಾರಿ ಹಿಡಿಯುತ್ತಾಳೆ. "ಈಗ ಬಂದ್ಯಾ ಮಗಾ ಅಂತಾರೆ, ಅಷ್ಟು ಸಾಕು ಅವಳಿಗೆ" ಎಂದಳು. ಅದು ಯಾರ ಕಥೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು, ಯಾರೂ ಕೇಳಲಿಲ್ಲ. ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ತನ್ನ ಭಯವನ್ನು ಗಂಡ, ಮಾವ, ಓನರ್ ಎಲ್ಲರ ಎದುರು ಹೇಳಲಾಗದವಳು ಲಕ್ಷ್ಮಿಯ ಭಯವನ್ನು ಹೇಳಬಲ್ಲಳು.

ಅದೇ ಸಂಜೆ ನಿವೃತ್ತ ಮೇಷ್ಟ್ರೊಬ್ಬರ ಕಥೆಯಲ್ಲಿ ಫುಟ್‌ಪಾತಿನ ಮೇಲೆ ಒಂದು ಗಾಡಿಯೂ ಇರಲಿಲ್ಲ. ಮಂಡಿನೋವಿನ ಮುದುಕರೊಬ್ಬರು ಯಾರ ಕೈಯನ್ನೂ ಹಿಡಿಯದೆ ದೇವಸ್ಥಾನದವರೆಗೆ ನಡೆದಿದ್ದರು. ಅವರ ಮಾತೂ ನಿಜವೇ. ಗಾಡಿ ಬೇಕೋ ಬೇಡವೋ ಎಂದು ಕೈ ಎತ್ತಿಸಿದ್ದರೆ ಅಂದು ಜಗಳವಾಗುತ್ತಿತ್ತು. ಎರಡು ಕಥೆ ಅಕ್ಕಪಕ್ಕ ಇದ್ದುದರಿಂದ ಮಾತು ಗಾಡಿ ಎಲ್ಲಿ ನಿಲ್ಲಬೇಕು ಎಂಬುದರ ಕಡೆ ಹೊರಳಿತು. ಅಂಥ ಮಾತು ಪಟ್ಟಣ ಮಾರಾಟ ಸಮಿತಿಯಲ್ಲೂ ನಡೆಯಬೇಕು; ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಅದರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ಅಲ್ಲಿ ಲಕ್ಷ್ಮಿಯಂಥವರ ಕಥೆಯನ್ನೂ ಓದಬೇಕೆಂಬುದು ನನ್ನ ಆಸೆ.

ಹಿರಿಯರು ಹೇಳುವುದು ಬಹುಪಾಲು ನೀರಿನ ಕಥೆ: ಕೆರೆ ಕೋಡಿ ಬಿದ್ದಾಗ ನೀರು ಯಾರ ಹೊಲ ದಾಟಿ ಎತ್ತ ಹರಿಯುತ್ತಿತ್ತು ಎಂಬುದು. ಬೆಂಗಳೂರಿನಲ್ಲಿ ಇದನ್ನು ಹಳೇ ನೆನಪೆಂದು ತಳ್ಳಿಹಾಕುವಂತಿಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದ ಮೇಲೆ ಪೇಟೆಗೆ ಊರೊಳಗಿನ ಕೆರೆಗಳ ಹಂಗು ತಪ್ಪುತ್ತಾ ಹೋಯಿತು. ಆದರೂ ಸಂಪಂಗಿಯದೊಂದು ಪುಟ್ಟ ಕೊಳ ಇಂದಿಗೂ ಇದೆ, ಕರಗದ ಆಚರಣೆಗೆ ಅದು ಬೇಕು ಎಂಬ ಕಾರಣಕ್ಕೆ. ಜನ ಹೇಳುತ್ತಾ, ನಡೆಸುತ್ತಾ ಬಂದ ಕಥೆಯೊಂದು ಅಷ್ಟು ನೆಲವನ್ನಾದರೂ ಕಾಯ್ದಿದೆ.

ಹಾಗೆಂದು ಕಥೆಯನ್ನಷ್ಟೇ ಹೊತ್ತುಕೊಂಡು ಕಚೇರಿಗೆ ಹೋಗಬಾರದು. ಎಂಜಿನಿಯರ್ ಕೇಳುವ ಮೊದಲ ಪ್ರಶ್ನೆ "ಎಲ್ಲಿ?" ಅದು ನ್ಯಾಯವಾದ ಪ್ರಶ್ನೆ. ಹಾಗಾಗಿ ವಾರ್ಡ್ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ನೆಲದ ಮೇಲೆ ಹಾಸುತ್ತೇವೆ. ಕಥೆ ಮುಗಿದ ಕೂಡಲೇ ಹೇಳಿದವರೇ ಕೂತು ಅದರ ದಾರಿಯನ್ನು ಗೆರೆ ಎಳೆದು ತೋರಿಸುತ್ತಾರೆ, ಹೊತ್ತನ್ನೂ ಬರೆಯುತ್ತಾರೆ. ನಕ್ಷೆ ಓದಲು ಬಾರದು ಎನ್ನುವವರೂ ಅಂಗಡಿ, ನಲ್ಲಿ, ಅಶ್ವತ್ಥಕಟ್ಟೆ ಹಿಡಿದು ದಾರಿ ಹುಡುಕಿಕೊಳ್ಳುತ್ತಾರೆ.

ಈ ಕಥೆ, ನಕ್ಷೆಯ ಕೆಲಸ ಮಾಡಬೇಕಾದದ್ದು ನಗರ ಯೋಜನೆಯ ಕರಡು ಬರುವ ಮೊದಲೇ. ರಾಜ್ಯದ 1961ರ ನಗರ ಯೋಜನಾ ಕಾಯ್ದೆಯಲ್ಲಿ ಮಾಸ್ಟರ್ ಪ್ಲಾನ್ ಕರಡಿಗೆ ಆಕ್ಷೇಪಣೆ ಬರೆಯಲು ಜನರಿಗಿರುವುದು 60 ದಿನ. ನಕ್ಷೆಯ ಬಣ್ಣಗಳ ಅರ್ಥ ಬಿಡಿಸುವಷ್ಟರಲ್ಲೇ ಅರ್ಧ ಕಾಲ ಕಳೆದಿರುತ್ತದೆ.

ನಮ್ಮ ಸಂಗ್ರಹದಲ್ಲಿ ಬಾಡಿಗೆ ಮನೆಯವರ ಕಥೆ ಇನ್ನೂ ಕಡಿಮೆ. ಹನ್ನೊಂದು ತಿಂಗಳ ಕರಾರಿನವರಿಗೆ ವಾರ್ಡಿನ ಮೇಲೆ ಹಕ್ಕಿಲ್ಲವೆಂದು ಅವರೇ ನಂಬಿದ್ದಾರೆ. ಅವರನ್ನು ಸಭೆಗೆ ಕರೆದರೆ ಬರುವುದಿಲ್ಲ. ಮುಂದಿನ ಸಲ ನಕ್ಷೆ ಸುತ್ತಿಕೊಂಡು ನಾವೇ ವಠಾರಕ್ಕೆ ಹೋಗುತ್ತೇವೆ, ಭಾನುವಾರ, ಬಟ್ಟೆ ಒಗೆಯುವ ಹೊತ್ತಿಗೆ.