ನಗರರಕ್ಷಣೆ: ಬೆಂಗಳೂರಿನ ಪೋಲೀಸು ವ್ಯವಸ್ಥೆಯ ಸ್ಥೂಲ ಪರಿಚಯ

ಪುರರಕ್ಷಣೆಯು ರಾಜಧರ್ಮದ ಮುಖ್ಯಾಂಗವೆಂದು ನಮ್ಮ ಪ್ರಾಚೀನರು ಭಾವಿಸಿದ್ದರು. ಮೈಸೂರಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಗೆ ‘ನಾಗರಿಕ’ನೆಂದು ಹೆಸರು. ಅವನ ಕೆಳಗೆ ನಗರದ ಚತುರ್ಥಾಂಶಕ್ಕೊಬ್ಬ ಸ್ಥಾನಿಕ; ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೊಬ್ಬ ಗೋಪ. ತನ್ನ ಪಾಲಿನ ಮನೆಗಳವರ ಹೆಸರು, ವೃತ್ತಿ, ಆಯವ್ಯಯಗಳನ್ನು ಗೋಪನು ಅರಿತಿರಬೇಕು. ಕನ್ನಡ ಶಾಸನಗಳ ‘ತಳಾರ’ನೂ ಊರಕಾವಲಿನವನೇ, ‘ತಳವಾರ’ನೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ.

ಬೆಂಗಳೂರಿನಲ್ಲಿ ಈ ಕಾವಲು ಬಹುಕಾಲ ಇಬ್ಭಾಗವಾಗಿದ್ದಿತು. 1809ರಲ್ಲಿ ಆಂಗ್ಲರು ಪೇಟೆಯ ಪಕ್ಕದಲ್ಲಿ ದಂಡನ್ನು ನೆಲೆಗೊಳಿಸಿದರು. 1881ರಲ್ಲಿ ರಾಜ್ಯವು ಮೈಸೂರರಸರಿಗೆ ಮರಳಿದಾಗಲೂ ದಂಡಿನ ಪ್ರದೇಶವು ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಹೀಗಾಗಿ ಒಂದೇ ಊರಿನ ಎರಡು ಭಾಗಗಳಿಗೆ ಎರಡು ಆಡಳಿತಗಳು. 1947ರಲ್ಲಿ ದಂಡಿನ ಪ್ರದೇಶವು ಮೈಸೂರಿಗೆ ಸೇರಿತು. 1949ರಲ್ಲಿ ಎರಡೂ ಪುರಸಭೆಗಳು ಒಂದಾಗಿ ಕಾರ್ಪೊರೇಷನ್ ಆಯಿತು. 1963ರಲ್ಲಿ ನಗರಕ್ಕೆ ಪ್ರತ್ಯೇಕ ಪೋಲೀಸ್ ಕಮೀಷನರ ಹುದ್ದೆ ಏರ್ಪಟ್ಟಿತು.

ಈ ಹುದ್ದೆಯ ವಿಶೇಷವನ್ನು ಇಲ್ಲಿ ಗಮನಿಸಬೇಕು. 1861ರ ಪೋಲೀಸ್ ಕಾಯಿದೆಯ ಪದ್ಧತಿಯಲ್ಲಿ ಜಿಲ್ಲೆಯ ಪೋಲೀಸ್ ಸೂಪರಿಂಟೆಂಡೆಂಟರ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರ ಸಾಮಾನ್ಯ ಹತೋಟಿಯುಂಟು. ಕಲ್ಕತ್ತ, ಮದರಾಸು, ಮುಂಬಯಿಗಳಲ್ಲಾದರೋ ಅದಕ್ಕಿಂತ ಮೊದಲೇ, 1856ರ ಕಾಯಿದೆಯಿಂದ, ಕಮೀಷನರ ಪದ್ಧತಿಯು ಬಂದಿದ್ದಿತು. ಇದರಲ್ಲಿ ಗುಂಪುಗೂಡುವುದನ್ನು ನಿಷೇಧಿಸುವ ಅಧಿಕಾರವೂ ಆ ನಿಷೇಧವನ್ನು ಜಾರಿಗೊಳಿಸುವ ಬಲವೂ ಒಂದೇ ಕೈಯಲ್ಲಿರುತ್ತವೆ. ಜನನಿಬಿಡವಾದ ನಗರದಲ್ಲಿ ಗಲಭೆಯೆದ್ದರೆ ಮತ್ತೊಂದು ಕಚೇರಿಯ ಅಪ್ಪಣೆಗೆ ಕಾಯುವಷ್ಟು ವ್ಯವಧಾನವಿರುವುದಿಲ್ಲವೆಂಬುದು ಇದರ ಸಮರ್ಥನೆ.

ಕಮೀಷನರ ಕೆಳಗೆ ಅಡಿಷನಲ್ ಮತ್ತು ಜಾಯಿಂಟ್ ಕಮೀಷನರರು, ವಿಭಾಗಕ್ಕೊಬ್ಬ ಡೆಪ್ಯುಟಿ ಕಮೀಷನರು, ಉಪವಿಭಾಗಕ್ಕೊಬ್ಬ ಅಸಿಸ್ಟೆಂಟ್ ಕಮೀಷನರು, ಠಾಣೆಗೊಬ್ಬ ಇನ್‌ಸ್ಪೆಕ್ಟರು. ಸಂಚಾರ, ಅಪರಾಧ ಪತ್ತೆ, ಸಶಸ್ತ್ರ ಮೀಸಲು ಪಡೆಗಳಿಗೆ ಬೇರೆ ಬೇರೆ ಶಾಖೆಗಳು. ಎಲ್ಲಕ್ಕೂ ತಳಹದಿಯಾದವನು ಬೀಟಿನಲ್ಲಿ ತಿರುಗುವ ಕಾನ್‌ಸ್ಟೇಬಲ್. ತನ್ನ ಬೀದಿಯ ಜನರನ್ನು ಅರಿತಿರುವುದೇ ಅವನ ಮುಖ್ಯ ಬಲ. ಈ ಒಂದು ಅಂಶದಲ್ಲಿ ಅವನನ್ನು ಕೌಟಿಲ್ಯನ ಗೋಪನಿಗೆ ಹೋಲಿಸಬಹುದು.

ಆದರೆ ಅಧಿಕಾರವು ಒಂದೆಡೆ ಕೂಡಿದಷ್ಟೂ ಅದಕ್ಕೆ ಅಂಕೆಯು ಅಗತ್ಯ. ಗೋಪನು ಅರಿತದ್ದು ಅರಸನಿಗಾಗಿ. ಪ್ರಜೆಯು ಅವನನ್ನು ಪ್ರಶ್ನಿಸುವಂತಿರಲಿಲ್ಲ. ಇಂದಿನ ಸ್ಥಿತಿ ಬೇರೆ. ಬಂಧಿತನನ್ನು, ಪ್ರಯಾಣಕಾಲವನ್ನು ಬಿಟ್ಟು, 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿಯು ಕಟ್ಟುಮಾಡಿದೆ. ಅಪರಾಧವನ್ನು ನಿರ್ಣಯಿಸಿ ಶಿಕ್ಷಿಸುವುದು ನ್ಯಾಯಾಲಯದ ಕೆಲಸವೇ ಹೊರತು ಠಾಣೆಯದಲ್ಲ. ಪೋಲೀಸರ ಮೇಲಣ ದೂರುಗಳ ವಿಚಾರಣೆಗೆ ಪ್ರತ್ಯೇಕ ಪ್ರಾಧಿಕಾರಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು.

ಶಿಕ್ಷಕಬಂಧುಗಳು ಇದನ್ನು ಮಕ್ಕಳಿಗೆ ತಿಳಿಸಬೇಕು. ಹಟ ಮಾಡುವ ಮಗುವಿಗೆ ‘ಪೋಲೀಸರು ಬರುತ್ತಾರೆ’ ಎಂದು ಹೆದರಿಸುವ ವಾಡಿಕೆ ನಮ್ಮಲ್ಲಿದೆ. ಹಾಗೆ ಬೆಳೆದವನು ಕಷ್ಟಬಂದಾಗ ಠಾಣೆಯ ಮೆಟ್ಟಿಲನ್ನು ಹತ್ತಲು ಅಳುಕುತ್ತಾನೆ. ಅನ್ಯಾಯವಾದಾಗ ಪ್ರಶ್ನಿಸಲೂ ಅಂಜುತ್ತಾನೆ. ಅಂದು ನಗರವನ್ನಾಳುವ ಅಧಿಕಾರಿಗೆ ಸಲ್ಲುತ್ತಿದ್ದ ‘ನಾಗರಿಕ’ನೆಂಬ ಹೆಸರು ಇಂದು ನಮಗೆಲ್ಲರಿಗೂ ಸಲ್ಲುತ್ತಿದೆ. ಹೆಸರಿನೊಡನೆ ಹೊಣೆಯೂ ಬಂದಿದೆಯೆಂಬುದನ್ನು ನಾವು ಮರೆಯಬಾರದು.