ಮಂಡಿನೋವಿನ ಮಾತ್ರೆಯೂ ಕಾರ್ಟಿಸೋಲ್ ಹಾರ್ಮೋನೂ: ಸದಸ್ಯರಿಗೆ ಅಧ್ಯಯನ ಪಾಠ

ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ತೂಕ ತಲಾ ನಾಲ್ಕೈದು ಗ್ರಾಂ ಮಾತ್ರ. ಹಾವು ಕಂಡೊಡನೆ ಎದೆಬಡಿತ ಏರುವುದು ಅಲ್ಲಿಂದ ಸ್ರವಿಸುವ ಅಡ್ರಿನಲಿನ್‌ನಿಂದ. ಅದು ಕ್ಷಣಗಳ ಕೆಲಸ. ಜ್ವರ, ಗಾಯ, ಶಸ್ತ್ರಚಿಕಿತ್ಸೆಗಳಂತಹ ದಿನಗಟ್ಟಲೆಯ ಒತ್ತಡವನ್ನು ತಾಳಲು ಬೇಕಾದ ಹಾರ್ಮೋನು ಕಾರ್ಟಿಸೋಲ್. ಇದು ಯಕೃತ್ತಿನಲ್ಲಿ ಸಕ್ಕರೆಯ ತಯಾರಿಕೆಯನ್ನು ಹೆಚ್ಚಿಸುತ್ತದೆ. ಅದಕ್ಕಾಗಿ ಸ್ನಾಯುಗಳ ಪ್ರೋಟೀನನ್ನೂ ಕರಗಿಸುತ್ತದೆ. ರಕ್ತದೊತ್ತಡ ಕುಸಿಯದಂತೆ ಕಾಯುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ.

ಕಾರ್ಟಿಸೋಲ್ ಎಷ್ಟು ಬೇಕೆಂಬುದನ್ನು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿನ ಪ್ರಮಾಣವನ್ನು ನೋಡಿ ನಿರ್ಧರಿಸುತ್ತದೆ. ಓವರ್‌ಹೆಡ್ ಟ್ಯಾಂಕ್ ತುಂಬಿದೊಡನೆ ನೀರುಗಂಟಿಯು ಮೋಟಾರು ನಿಲ್ಲಿಸುವ ಕ್ರಮವೇ ಇದು. ಅದೇ ಟ್ಯಾಂಕಿಗೆ ತಿಂಗಳುಗಟ್ಟಲೆ ಟ್ಯಾಂಕರ್ ನೀರು ಸುರಿದರೆ ಮೋಟಾರನ್ನು ಚಾಲೂ ಮಾಡುವ ಪ್ರಸಂಗವೇ ಬಾರದು. ಬಹುಕಾಲ ನಿಂತ ಮೋಟಾರು ಹಿಡಿದುಕೊಳ್ಳುತ್ತದೆ. ಟ್ಯಾಂಕರ್ ಹಠಾತ್ತನೆ ನಿಂತ ದಿನ ಊರಿಗೆ ನೀರಿಲ್ಲ.

ಸ್ಟೀರಾಯ್ಡ್ ಮಾತ್ರೆಗಳು ಇಂತಹ ಟ್ಯಾಂಕರ್ ನೀರು. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಅವರು ಕೀಲುವಾತದ ರೋಗಿಗೆ ಕಾರ್ಟಿಸೋನ್ ನೀಡಿದಾಗ ಕೆಲವೇ ದಿನಗಳಲ್ಲಿ ನೋವು ಇಳಿಯಿತು. 1950ರಲ್ಲಿ ಅವರೊಂದಿಗೆ ಇನ್ನಿಬ್ಬರಿಗೆ ನೊಬೆಲ್ ಪ್ರಶಸ್ತಿಯೂ ಸಂದಿತು. ದೀರ್ಘಕಾಲದ ಬಳಕೆಯ ದುಷ್ಪರಿಣಾಮಗಳು ಆನಂತರ ಗೋಚರಿಸಿದವು. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್ ಇದೇ ವರ್ಗದ ಔಷಧಗಳು. ವೈದ್ಯರ ನಿಗಾದಲ್ಲಿ ಇವು ಜೀವರಕ್ಷಕವೇ ಸರಿ. ಆದರೆ ಅರ್ಹತೆಯಿಲ್ಲದವರು ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ಮಂಡಿನೋವಿನ ಮಾತ್ರೆಯಲ್ಲಿಯೂ ಇವು ಇರುವುದುಂಟು. ನೋವು ಎರಡೇ ದಿನಕ್ಕೆ ಮಾಯವಾಗುವುದರಿಂದ ಕೊಟ್ಟವನಿಗೆ ಕೈಗುಣದ ಕೀರ್ತಿ ಬರುತ್ತದೆ! ಕ್ರಮೇಣ ಮುಖ ದುಂಡಗೆ ಊದುತ್ತದೆ, ಚರ್ಮ ತೆಳುವಾಗುತ್ತದೆ, ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳಬಹುದು, ಮೂಳೆಗಳು ಸವೆಯುತ್ತವೆ.

ಇದಕ್ಕಿಂತ ದೊಡ್ಡ ಅಪಾಯವಿರುವುದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದರಲ್ಲಿ. ಮೂರು-ನಾಲ್ಕು ವಾರಗಳಿಗೂ ಮೀರಿ ಸೇವಿಸಿದವರ ಅಡ್ರಿನಲ್ ಗ್ರಂಥಿ ನಿದ್ರಿಸಿರಬಹುದು. ಪುನಃ ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾದೀತು. ಆ ಅವಧಿಯಲ್ಲಿ ಜ್ವರವೋ ಭೇದಿಯೋ ಬಂದರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ “ಆ ಮಾತ್ರೆ ಬಿಸಾಡಿರಿ” ಎಂದು ಸದಸ್ಯರು ಯಾರಿಗೂ ಹೇಳತಕ್ಕದ್ದಲ್ಲ. ಸದುದ್ದೇಶದ ಈ ಸಲಹೆಯೇ ಹಾನಿಕರ. ಅಂಥವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಬಳಿಗೆ ಕಳುಹಿಸಬೇಕು. ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಅವರ ಕೆಲಸ.

ಸ್ಟೀರಾಯ್ಡ್ ಮಾತ್ರೆಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರನ್ವಯ ಖಾಸಗಿ ಕ್ಲಿನಿಕ್ಕುಗಳ ನೋಂದಣಿಯೂ ಕಡ್ಡಾಯ. ಸಂಶಯವಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರೊಡನೆ ಈ ವಿಷಯವನ್ನು ಚರ್ಚಿಸುವುದು ಸೂಕ್ತ. ಇಂತಹ ಮಾತ್ರೆ ಸೇವಿಸುವ ವೃದ್ಧರು ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ಹೋಗುವಾಗ ಆ ಪೊಟ್ಟಣವನ್ನೂ ಜೊತೆಗೆ ಒಯ್ಯುವಂತೆ ಮನೆಯವರಿಗೆ ತಿಳಿಸತಕ್ಕದ್ದು.